ಚಂಪಾ ‘ಸಂಪಾದಕರೂ’ ಆಗಿದ್ದರು: ಆ ‘ರೂ’ ಬಗ್ಗೆ ಸ್ವಲ್ಪ ಹೇಳ್ತೀರಾ?

ಓದುಗ_ಹೊಸಬ:

ಎಲ್ಲರಿಗೂ ನಮಸ್ಕಾರ. ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ಕಿರು ಪ್ರಬಂಧಕ್ಕೆ ಚಂದ್ರಶೇಖರ ಪಾಟೀಲರನ್ನು, ಅಂದರೆ ಚಂಪಾ ಅವರನ್ನು ಹಿಡಿದುಕೊಂಡಿದ್ದೇನೆ. ಹಿಡಿದ ಮೇಲೆ ಬಿಡಲೂ ಆಗುತ್ತಿಲ್ಲ, ಮುಂದೆ ಹೋಗಲೂ ಆಗುತ್ತಿಲ್ಲ.

ಅವರ ಬಗ್ಗೆ ಎಲ್ಲಿ ಓದಿದರೂ ಅದೇ ಒಂದು ಪ್ಯಾರಾ. 1939ರಲ್ಲಿ ಈಗಿನ ಹಾವೇರಿ ಜಿಲ್ಲೆಯ ಹತ್ತಿಮತ್ತೂರಿನಲ್ಲಿ ಹುಟ್ಟಿದರು, ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ನವ್ಯದಿಂದ (ವ್ಯಕ್ತಿಯ ಒಳಗಿನ ತಳಮಳ ಬರೆಯುವ ಸಾಹಿತ್ಯ) ಬಂಡಾಯಕ್ಕೆ (ಸಾಮಾಜಿಕ ಅನ್ಯಾಯದ ವಿರುದ್ಧ ಬರೆಯುವ ಸಾಹಿತ್ಯ) ಬಂದರು, ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು, ಗೋಕಾಕ್ ಚಳವಳಿ, ಸಾಹಿತ್ಯ ಪರಿಷತ್ತು, 2022ರ ಜನವರಿ 10ರಂದು ತೀರಿಕೊಂಡರು. ಕೊನೆಗೆ ಬಾಲದ ಹಾಗೆ ಒಂದು ವಾಕ್ಯ: ‘ಸಂಕ್ರಮಣ ಪತ್ರಿಕೆಯ ಸಂಪಾದಕರೂ ಆಗಿದ್ದರು.’ ನಾನೂ ಹಾಗೇ ಬರೆದು ನಮ್ಮ ಮೇಡಂಗೆ ತೋರಿಸಿದೆ. ಅವರು ಆ ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದು, ‘ಸಂಪಾದಕರೂ ಅಂತ ಬರೆದಿದ್ದೀಯಲ್ಲ, ಆ ರೂ ಯಾಕೆ? ಅದನ್ನು ಯೋಚನೆ ಮಾಡಿಕೊಂಡು ಬಾ’ ಅಂತ ಕಳಿಸಿಬಿಟ್ಟರು.

ಎರಡು ವಾರದಿಂದ ಯೋಚನೆ ಮಾಡ್ತಾ ಇದ್ದೇನೆ. ಕವಿತೆ ಓದಿದರೆ ಕವಿ ಕಾಣಿಸುತ್ತಾರೆ, ಪೇಪರ್ ಕಟಿಂಗ್ ಓದಿದರೆ ಚಳವಳಿಗಾರ ಕಾಣಿಸುತ್ತಾರೆ. ಸಂಪಾದಕ ಎಲ್ಲಿ ಕಾಣಿಸುತ್ತಾರೆ? ಒಂದು ಸಣ್ಣ ಪತ್ರಿಕೆ ನಡೆಸೋದು ಅಂದರೆ ನಿಜವಾಗಿ ಏನು ಮಾಡೋದು? ನಾನು ಹುಟ್ಟುವ ಹೊತ್ತಿಗೆ ಎಲ್ಲ ಕಂಪ್ಯೂಟರ್ ಬಂದಿತ್ತು, ಹಾಗಾಗಿ ಪ್ರಶ್ನೆ ಪೆದ್ದು ಅನಿಸಿದರೆ ಬೈಯಬೇಡಿ. ಎಲ್ಲಿಂದ ಶುರು ಮಾಡಲಿ ಅಂತ ಹೇಳಿದರೂ ಸಾಕು.

ಅಚ್ಚುಮೊಳೆ:

ತಮ್ಮಾ, ಅಥವಾ ತಂಗೀ, ಹೆಸರಿನಿಂದ ಗೊತ್ತಾಗಲಿಲ್ಲ. ಪ್ರಶ್ನೆ ಪೆದ್ದೇನಲ್ಲ. ನಿಮ್ಮ ಮೇಡಂ ಸರಿಯಾದ ಜಾಗದಲ್ಲೇ ಗೆರೆ ಎಳೆದಿದ್ದಾರೆ.

ಮೊದಲು ಕಾಲ ನೋಡಿಕೊಳ್ಳಿ. ಸಂಕ್ರಮಣ ಶುರುವಾದದ್ದು 1964ರಲ್ಲಿ. ಚಂಪಾ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ, ಮೂರೇ ಜನ, ಮೂವರೂ ಇಪ್ಪತ್ತೈದರ ಆಸುಪಾಸಿನವರು. ತಮಾಷೆ ಏನೆಂದರೆ ಇವರಲ್ಲಿ ಒಬ್ಬರೂ ಕನ್ನಡದ ಮೇಷ್ಟ್ರಲ್ಲ. ಇಬ್ಬರು ಇಂಗ್ಲಿಷ್, ಒಬ್ಬರು ಹಿಂದಿ. ಕನ್ನಡ ಇವರಿಗೆ ಸಂಬಳದ ಕೆಲಸವಾಗಿರಲಿಲ್ಲ, ಅದಕ್ಕೇ ಸಂಬಳ ಖರ್ಚು ಮಾಡುವ ಕೆಲಸವಾಯಿತು ಅಂತ ನಾನು ಹೇಳುವುದುಂಟು. ಆಗ ಕವಿ ಗೋಪಾಲಕೃಷ್ಣ ಅಡಿಗರು ಸಾಗರದಲ್ಲಿದ್ದುಕೊಂಡು ‘ಸಾಕ್ಷಿ’ ಪತ್ರಿಕೆ ತರುತ್ತಿದ್ದರು. ಧಾರವಾಡದಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನ 1933ರಿಂದಲೇ ಇತ್ತು. ದೊಡ್ಡವರಿಗೆ ಜಾಗಕ್ಕೆ ಕೊರತೆ ಇರಲಿಲ್ಲ. ಆದರೆ ಹೊಸ ಹುಡುಗ ಒಂದು ಕವಿತೆ ಬರೆದರೆ ಎಲ್ಲಿಗೆ ಕಳಿಸಬೇಕು? ವಾರಪತ್ರಿಕೆಗಳು ಹಬ್ಬಕ್ಕೆ ಒಂದು ಕವಿತೆ ಹಾಕುತ್ತಿದ್ದವು, ಅದೂ ಹೆಸರಿದ್ದವರದ್ದು. ಆ ಖಾಲಿ ಜಾಗಕ್ಕೇ ಸಂಕ್ರಮಣ ಬಂತು.

ಇನ್ನು ನಡೆಸುವುದು ಅಂದರೆ ಏನು ಅಂತ ಕೇಳಿದಿರಿ. ನಾನು ಹುಡುಗನಾಗಿದ್ದಾಗ ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದೆ. ಸಂಕ್ರಮಣ ಅಚ್ಚಾಗುತ್ತಿದ್ದ ಪ್ರೆಸ್ಸಲ್ಲ, ಬೇರೆ ಊರಿನದು, ಆದರೆ ಇಂಥದೇ ಎರಡು ಸಣ್ಣ ಪತ್ರಿಕೆ ನಮ್ಮಲ್ಲಿ ಅಚ್ಚಾಗುತ್ತಿದ್ದವು. ಎಲ್ಲ ಕಡೆ ಕಥೆ ಒಂದೇ. ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಿಂದ ಆರಿಸಿ ಜೋಡಿಸಬೇಕು. ಕನ್ನಡದಲ್ಲಿ ಒತ್ತಕ್ಷರ ಬೇರೆ ಮೊಳೆ, ಅದು ಕೆಳಗೆ ಕೂರಬೇಕು, ಸ್ವಲ್ಪ ಸಡಿಲವಾದರೆ ಮಷೀನು ಓಡುವಾಗ ಉದುರಿ ಹೋಗುತ್ತದೆ. ‘ಕತ್ತಲೆ’ ಹೋಗಿ ‘ಕತಲೆ’ ಆಗುತ್ತದೆ. ಸಣ್ಣ ಪ್ರೆಸ್ಸಿನಲ್ಲಿ ಮೊಳೆ ಕಡಿಮೆ. ಎಂಟು ಪುಟ ಜೋಡಿಸಿದರೆ ಪೆಟ್ಟಿಗೆ ಖಾಲಿ. ಅದನ್ನು ಅಚ್ಚು ಮಾಡಿ, ಬಿಚ್ಚಿ, ಮೊಳೆಗಳನ್ನು ಮತ್ತೆ ಪೆಟ್ಟಿಗೆಯ ಮನೆಮನೆಗೆ ಹಾಕಿದ ಮೇಲೇ ಮುಂದಿನ ಎಂಟು ಪುಟ. ಅಷ್ಟರಲ್ಲಿ ಮದುವೆ ಸೀಸನ್ ಬಂತು ಅಂದರೆ ಮುಗಿಯಿತು. ಲಗ್ನಪತ್ರಿಕೆಯವರು ಕೈಯಲ್ಲಿ ದುಡ್ಡು ಹಿಡಿದುಕೊಂಡು ನಿಂತಿರುತ್ತಾರೆ, ಸಾಹಿತ್ಯ ಪತ್ರಿಕೆಯವರು ಹೋದ ತಿಂಗಳ ಬಾಕಿ ಹಿಡಿದುಕೊಂಡು ನಿಂತಿರುತ್ತಾರೆ. ಯಾರದ್ದು ಮೊದಲು ಆಗುತ್ತೆ ಹೇಳಿ?

ಕವಿಗಳದ್ದು ಇನ್ನೊಂದು ಕಾಟ. ಕೊನೇ ಕರಡಿನಲ್ಲಿ ಸಾಲು ಒಡೆಯುತ್ತಾರೆ. ಒಂದು ಸಾಲು ಎರಡಾದರೆ ಕೆಳಗಿನದ್ದೆಲ್ಲ ಜಾರಬೇಕು, ಮುಂದಿನ ಪುಟ ಮತ್ತೆ ಕಟ್ಟಬೇಕು. ಕಂಪೋಸಿಟರ್ ಬೈಗುಳ ಸಂಪಾದಕನೇ ತಿನ್ನಬೇಕು.

ಅಚ್ಚಾದ ಮೇಲೆ ಅರ್ಧ ಕೆಲಸ ಆಯಿತು ಅಂತ ತಿಳಿಯಿರಿ. ಮಡಚಿ, ಪಿನ್ ಹೊಡೆದು, ಕಾಗದದ ಪಟ್ಟಿ ಸುತ್ತಿ, ವಿಳಾಸ ಬರೆದು, ಸ್ಟಾಂಪು ಅಂಟಿಸಿ ಪೋಸ್ಟಿಗೆ ಹಾಕಬೇಕು. ಚಂದಾ ಮನಿಯಾರ್ಡರಿನಲ್ಲಿ ಬರುತ್ತಿತ್ತು, ಬಂದರೆ. ಒಂದು ವರ್ಷದ ಚಂದಾ ಕಟ್ಟಿದವರು ಮರುವರ್ಷ ಮರೆಯುತ್ತಿದ್ದರು, ಪತ್ರಿಕೆ ನಿಲ್ಲಿಸಿದರೆ ಸಿಟ್ಟಾಗುತ್ತಿದ್ದರು. ಲೇಖಕರಂತೂ ನಮ್ಮ ಕವಿತೆ ಹಾಕಿದ್ದೀರಿ, ಪ್ರತಿ ಸುಮ್ನೆ ಕಳಿಸಿ ಅನ್ನುವವರು.

ಈ ಕೆಲಸ ಎರಡು ವರ್ಷ ಮಾಡಿದವರು ಬೇಕಾದಷ್ಟು ಜನ ಇದ್ದಾರೆ, ಐದು ವರ್ಷ ಮಾಡಿದವರು ಕಡಿಮೆ. ಗಿರಡ್ಡಿ ಮತ್ತು ಪಟ್ಟಣಶೆಟ್ಟಿ ಮುಂದೆ ತಮ್ಮ ತಮ್ಮ ದಾರಿ ಹಿಡಿದರು. ಚಂಪಾ ಒಬ್ಬರೇ ಉಳಿದರು, ಪತ್ರಿಕೆ ಐವತ್ತು ವರ್ಷದ ಗಡಿ ದಾಟಿತು. ಜೊತೆಗೆ ಅದೇ ಹೆಸರಿನಲ್ಲಿ ಪುಸ್ತಕ ಪ್ರಕಟಣೆ ಬೇರೆ. ನನ್ನನ್ನು ಕೇಳಿದರೆ ‘ಸಂಪಾದಕ ಚಂಪಾ ಕವಿಯೂ ಆಗಿದ್ದರು’ ಅಂತ ಬರೆದುಕೊಂಡು ಹೋಗಿ, ಮೇಡಂ ಏನಂತಾರೆ ನೋಡೋಣ.

ಗುಡ್ಡದ_ಹಾದಿ:

ಅಚ್ಚುಮೊಳೆ ಸರ್, ಚೆನ್ನಾಗಿ ಬರೆದಿದ್ದೀರಿ. ಆದರೆ ಪತ್ರಿಕೆಯನ್ನು ಬರೀ ಪ್ರೆಸ್ಸಿನ ಕಷ್ಟದಿಂದ ನೋಡಿದರೆ ಒಂದು ದೊಡ್ಡ ವಿಷಯ ಕೈಬಿಟ್ಟು ಹೋಗುತ್ತದೆ. ಅದು ಪಕ್ಷ ಬದಲಿಸಿದ ಪತ್ರಿಕೆ. ರಾಜಕೀಯ ಪಕ್ಷ ಅಲ್ಲ, ಸಾಹಿತ್ಯದ ಪಕ್ಷ.

ಶುರುವಿನಲ್ಲಿ ಸಂಕ್ರಮಣ ಪೂರ್ತಿ ನವ್ಯದ್ದು. ಚಂಪಾ ಕೂಡ ಹಾಗೇ, ‘ಕೊಡೆಗಳು’, ‘ಅಪ್ಪ’ ಅಂತ ಅಸಂಗತ (ಆಬ್ಸರ್ಡ್) ನಾಟಕ ಬರೆಯುತ್ತಿದ್ದವರು, ಲೀಡ್ಸ್‌ಗೆ ಹೋಗಿ ಓದಿ ಬಂದವರು. ಎಪ್ಪತ್ತರ ದಶಕ ಬಂತು. 1973ರಲ್ಲಿ ಮೈಸೂರಿನಲ್ಲಿ ಮಂತ್ರಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದ ಮಾತು, ಅದರ ಗಲಾಟೆ. ಆಮೇಲೆ ಜಯಪ್ರಕಾಶ ನಾರಾಯಣರ (ಜೆ.ಪಿ.) ಚಳವಳಿ. 1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ. ಚಂಪಾ ಜೆ.ಪಿ. ಕಡೆ ನಿಂತರು, ಜೈಲಿಗೆ ಹೋದರು. ಸರ್ಕಾರಿ ದುಡ್ಡಿನಲ್ಲಿ ನಡೆಯುವ ವಿಶ್ವವಿದ್ಯಾಲಯದ ಮೇಷ್ಟ್ರು ಅವರು, ಕೆಲಸ ಹೋಗುವ ಭಯ ಇರುವ ಜಾಗ ಅದು, ಇದನ್ನು ಮರೆಯಬೇಡಿ.

‘ಗಾಂಧಿ ಸ್ಮರಣೆ’ ಅನ್ನುವ ಸಂಕಲನ ಬಂದದ್ದು 1976ರಲ್ಲಿ. ಆ ವರ್ಷ ‘ಗಾಂಧಿ’ ಅಂದರೆ ಯಾವ ಗಾಂಧಿ ಅಂತ ಓದುವವನೇ ತೀರ್ಮಾನ ಮಾಡಿಕೊಳ್ಳಬೇಕು! ಸೆನ್ಸಾರ್ ಇದ್ದ ಕಾಲ, ಹೇಳಿದ್ದನ್ನು ಹೇಳದ ಹಾಗೆ ಹೇಳಬೇಕು. ಇಲ್ಲಿ ಅವರ ಹುಟ್ಟು ವ್ಯಂಗ್ಯ ಕೆಲಸಕ್ಕೆ ಬಂತು ಅಂತ ನನ್ನ ಅನಿಸಿಕೆ. ‘ಜಗದಂಬೆಯ ಬೀದಿನಾಟಕ’ವೂ ಇದೇ ಕಾಲದ ಸಿಟ್ಟಿನಿಂದ ಹುಟ್ಟಿದ್ದು. ಅಸಂಗತ ನಾಟಕದಲ್ಲಿ ರೂಮಿನೊಳಗೆ ಕೂತಿದ್ದ ಮನುಷ್ಯ ಬೀದಿಗೆ ಬಂದು ನಿಂತ. ಪತ್ರಿಕೆಯೂ ಅವರ ಹಿಂದೆ ಬೀದಿಗೆ ಬಂತು.

1979 ಇನ್ನೊಂದು ತಿರುವು. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಕೇಳಿದರೆ ಪರಿಷತ್ತು ಒಪ್ಪಲಿಲ್ಲ. ಆ ಸಿಟ್ಟಿನಲ್ಲೇ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಂಘಟನೆಯ ಮೊದಲ ಸಮ್ಮೇಳನ ನಡೆಯಿತು. ಚಂಪಾ ಅದರ ಮುಂಚೂಣಿಯಲ್ಲಿದ್ದರು. ಈಗ ಸಂಪಾದಕನ ವಿಷಯಕ್ಕೆ ಬನ್ನಿ. ಘೋಷಣೆ ಎಲ್ಲರೂ ಕೂಗಬಹುದು. ಕೂಗಿ ಮುಗಿದ ಮೇಲೆ ಆ ಹುಡುಗರು ಊರಿಗೆ ಹೋಗಿ ಬರೆದ ಕವಿತೆಗಳನ್ನು ಯಾರು ಅಚ್ಚು ಹಾಕುತ್ತಾರೆ? ಬೆಂಗಳೂರಿನಲ್ಲಿ ‘ಶೂದ್ರ’ ಇತ್ತು, ಮೈಸೂರಿನಲ್ಲಿ ‘ಪಂಚಮ’ ಇತ್ತು, ಧಾರವಾಡದಲ್ಲಿ ಸಂಕ್ರಮಣ ಇತ್ತು. ಬಂಡಾಯದ ಚರಿತ್ರೆಯನ್ನು ಸಮ್ಮೇಳನಗಳ ಪಟ್ಟಿಯಿಂದ ಬರೆಯುತ್ತೇವೆ, ಅದನ್ನು ಈ ಪತ್ರಿಕೆಗಳ ಚಂದಾದಾರರ ಪಟ್ಟಿಯಿಂದ ಬರೆದರೆ ಬೇರೆಯೇ ಚಿತ್ರ ಸಿಗುತ್ತದೆ.

ನೇರಮಾತು:

ಎಲ್ಲರೂ ಹಾರ ಹಾಕ್ತಾ ಇದ್ದೀರಿ, ನಾನೊಬ್ಬ ಕಲ್ಲು ಹಾಕುತ್ತೇನೆ. ಬೇಜಾರು ಮಾಡ್ಕೋಬೇಡಿ.

ಚಂಪಾ ಅವರ ಮೊದಲ ಕವಿತೆಗಳನ್ನು ನಾನು ಪ್ರೀತಿಯಿಂದ ಓದಿದವನು. ‘ಶಾಲ್ಮಲಾ’ದ ಕವಿ ಅವರು. ಧಾರವಾಡದ ಸೋಮೇಶ್ವರ ಗುಡಿಯ ಹತ್ತಿರ ಹುಟ್ಟಿ, ಸ್ವಲ್ಪ ದೂರ ಕಂಡೂ ಕಾಣದ ಹಾಗೆ ಹರಿಯುವ ಆ ಹೊಳೆಯನ್ನು ಪ್ರೀತಿಯ ಕವಿತೆ ಮಾಡಿದವರು. ಇವತ್ತಿಗೂ ಜನ ಹಾಡುತ್ತಾರೆ. ಆ ಕೈ ಆಮೇಲೆ ಏನಾಯಿತು? ಚಳವಳಿ ಜಾಸ್ತಿ ಆದ ಹಾಗೆ ಕವಿತೆ ಚಾಟಿ ಮಾತಾಯಿತು, ಚಾಟಿ ಮಾತು ಮಾರನೇ ದಿನದ ಪೇಪರಿನ ಹೆಡ್‌ಲೈನ್ ಆಯಿತು. ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು, ಸರಿ. ಮನೆಗೆ ಬಂದು ಪುಸ್ತಕ ತೆಗೆದರೆ ಆ ಚಪ್ಪಾಳೆ ಪುಟದಲ್ಲಿ ಇರೋದಿಲ್ಲ.

ಇನ್ನೊಂದು. ಪರಿಷತ್ತಿನ ವಿರುದ್ಧ ಬಂಡೆದ್ದವರೇ 2004ರಿಂದ 2008ರವರೆಗೆ ಅದೇ ಪರಿಷತ್ತಿನ ಅಧ್ಯಕ್ಷರು. ಅದಕ್ಕೂ ಮೊದಲು ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರು. 2017ರಲ್ಲಿ ಮೈಸೂರಿನ 83ನೇ ಸಮ್ಮೇಳನದ ಅಧ್ಯಕ್ಷರು, ಅಲ್ಲಿ ಚುನಾವಣೆಯ ಮಾತು ಆಡಿ ದೊಡ್ಡ ವಿವಾದ. ಬಂಡಾಯ ಎಲ್ಲಿ ಮುಗಿದು ಕುರ್ಚಿ ಎಲ್ಲಿ ಶುರುವಾಯಿತು ಅಂತ ಪ್ರಬಂಧದಲ್ಲಿ ಕೇಳದೆ ಹೋದರೆ ಅದು ಪ್ರಬಂಧ ಅಲ್ಲ, ಅಭಿನಂದನ ಗ್ರಂಥ. ಅಭಿನಂದನ ಗ್ರಂಥಗಳು ಕನ್ನಡದಲ್ಲಿ ಈಗಾಗಲೇ ಸಾಕಷ್ಟಿವೆ.

ಅಚ್ಚುಮೊಳೆ:

ನೇರಮಾತು ಅವರೇ, ಕವಿತೆ ಬಗ್ಗೆ ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಕೊನೆಕೊನೆಯ ಎಷ್ಟೋ ಪದ್ಯಗಳು ನನಗೂ ಹಿಡಿಸಿಲ್ಲ. ಆದರೆ ಅದಕ್ಕೆ ಚಳವಳಿಯನ್ನೇ ಯಾಕೆ ದೂರುತ್ತೀರಿ? ಪ್ರೂಫು, ಪೋಸ್ಟು, ಬಾಕಿ ಅಂತ ಸಂಜೆಗಳೆಲ್ಲ ಹೋದವಲ್ಲ, ಅದರ ಪಾಲೂ ಇರಬಹುದು. ಬೇರೆಯವರ ಕವಿತೆಯ ಒತ್ತಕ್ಷರ ಹುಡುಕುತ್ತಾ ಕೂತವನಿಗೆ ತನ್ನ ಕವಿತೆಯನ್ನು ನಾಲ್ಕು ಸಲ ತಿದ್ದುವಷ್ಟು ವ್ಯವಧಾನ ಉಳಿಯುವುದು ಕಷ್ಟ. ನಾನು ನೋಡಿದ ಸಣ್ಣ ಪತ್ರಿಕೆಗಳ ಸಂಪಾದಕರೆಲ್ಲರಿಗೂ ಇದೇ ಆಗಿದೆ. ತಮ್ಮ ಕವಿತೆಯನ್ನು ಪತ್ರಿಕೆಗೆ ಗೊಬ್ಬರ ಹಾಕಿದವರು ಅವರು.

ಕುರ್ಚಿ ವಿಷಯ. ಕುರ್ಚಿ ಸಿಕ್ಕಿದವರೆಲ್ಲ ಸುಮ್ಮನಾಗುತ್ತಾರೆ ಅನ್ನುವುದಾದರೆ ಚಂಪಾ ಉದಾಹರಣೆ ನಿಮಗೆ ಸಹಾಯ ಮಾಡೋದಿಲ್ಲ. ಸಮ್ಮೇಳನದ ವೇದಿಕೆ ಮೇಲೆ ಅಧ್ಯಕ್ಷರ ಪೇಟ ಹಾಕಿಕೊಂಡೂ ವಿವಾದ ಮಾಡಿಕೊಂಡರು ಅಂತ ನೀವೇ ಹೇಳಿದಿರಲ್ಲ. ಸುಮ್ನೆ ನಾಡು ನುಡಿ ಅಂತ ನಾಲ್ಕು ಒಳ್ಳೆ ಮಾತಾಡಿ ಇಳಿಯಬಹುದಿತ್ತು.

ಗುಡ್ಡದ_ಹಾದಿ:

2015 ಕೂಡ ಸೇರಿಸಿಕೊಳ್ಳಿ. ಆ ವರ್ಷ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ತನಿಖೆ ಸರಿಯಾಗಿ ಆಗುತ್ತಿಲ್ಲ ಅಂತ ಚಂಪಾ ತಮಗೆ ಬಂದಿದ್ದ ಪಂಪ ಪ್ರಶಸ್ತಿಯನ್ನು ವಾಪಸ್ ಮಾಡಿದರು. ದೇಶದ ಬೇರೆ ಬೇರೆ ಭಾಷೆಯ ಲೇಖಕರು ಸಾಲಾಗಿ ಪ್ರಶಸ್ತಿ ವಾಪಸ್ ಮಾಡಿ ದೊಡ್ಡ ಸುದ್ದಿಯಾದದ್ದು ಆಮೇಲೆ, ಅಕ್ಟೋಬರ್‌ನಲ್ಲಿ. ಆಗ ಚಂಪಾ ಅವರಿಗೆ ಎಪ್ಪತ್ತಾರು. ಕಲಬುರ್ಗಿ ಇವರ ಹಾಗೆ ಅಲ್ಲ, ಸಂಶೋಧಕರು, ಬೇರೆ ದಾರಿಯವರು. ಆದರೆ ಒಂದೇ ಊರಿನ, ಒಂದೇ ವಿಶ್ವವಿದ್ಯಾಲಯದ ಮೇಷ್ಟ್ರುಗಳು.

ನೇರಮಾತು:

ಅದನ್ನು ನಾನು ಅಲ್ಲಗಳೆಯೋದಿಲ್ಲ. ಧೈರ್ಯದ ಬಗ್ಗೆ ನನಗೆ ತಕರಾರಿಲ್ಲ, ಪದ್ಯದ ಬಗ್ಗೆ ಇದೆ. ಎರಡೂ ಬೇರೆ ಬೇರೆ ಅಂತಷ್ಟೇ ನಾನು ಹೇಳಿದ್ದು, ನೀವು ಮತ್ತೆ ಅವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದಿರಿ.

ಕಪ್ಪುಶಾಯಿ:

ತಡವಾಗಿ ನೋಡಿದೆ. ನಾನು ಹೇಳುವುದು ಸ್ವಲ್ಪ ಸಣ್ಣ ವಿಷಯ, ಆದರೆ ಪ್ರಶ್ನೆ ಕೇಳಿದವರಿಗೆ ಬೇಕಾಗಬಹುದು.

ಸಂಕ್ರಮಣ ಸಾಹಿತ್ಯ ಸ್ಪರ್ಧೆ ಅಂತ ನಡೆಸುತ್ತಿತ್ತು, ಕಥೆಗೆ, ಕವಿತೆಗೆ ಬಹುಮಾನ. ಈಗ ಅರವತ್ತು ದಾಟಿದ ಎಷ್ಟೋ ಲೇಖಕರ ಪರಿಚಯದ ಪುಟ ತೆಗೆದು ನೋಡಿ, ‘ಸಂಕ್ರಮಣ ಬಹುಮಾನ’ ಅಂತ ಒಂದು ಸಾಲು ಸಿಗುತ್ತದೆ. ಮೊತ್ತ ಮುಖ್ಯ ಅಲ್ಲ. ತಾಲ್ಲೂಕು ಊರಿನಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಾಗಿರುವ ಹುಡುಗನಿಗೆ ಧಾರವಾಡದಿಂದ ಒಂದು ಕಾರ್ಡು ಬಂತು ಅಂದರೆ ಅವನು ಇನ್ನು ಹತ್ತು ವರ್ಷ ಬರೆಯುತ್ತಾನೆ, ಅಷ್ಟೇ. ನಾನು ಕಳಿಸುತ್ತಿದ್ದದ್ದು ಬೇರೆ ಒಂದು ಸಣ್ಣ ಪತ್ರಿಕೆಗೆ. ಮೊದಲ ಕವಿತೆ ವಾಪಸ್ ಬಂದಾಗ ಅಂಚಿನಲ್ಲಿ ಪೆನ್ಸಿಲಿನಿಂದ ‘ಕೊನೆಯ ನಾಲ್ಕು ಸಾಲು ಬೇಡ ಅಲ್ವಾ?’ ಅಂತ ಬರೆದಿದ್ದರು. ಒಂದು ವಾರ ಅತ್ತೆ. ಆಮೇಲೆ ಆ ನಾಲ್ಕು ಸಾಲು ತೆಗೆದೆ. ಇವತ್ತು ಯಾರೂ ಹಾಗೆ ಪೆನ್ಸಿಲ್ ಹಿಡಿಯೋದಿಲ್ಲ, ಹಾರ್ಟ್ ಒತ್ತಿ ಮುಂದೆ ಹೋಗುತ್ತಾರೆ.

ಗೋಕಾಕ್ ಚಳವಳಿಯ ಮಾತು ಯಾರೂ ಸರಿಯಾಗಿ ಎತ್ತಲಿಲ್ಲ. ವರದಿ ಬಂದದ್ದು 1981ರಲ್ಲಿ, ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ. 1982ರಲ್ಲಿ ರಾಜ್‌ಕುಮಾರ್ ಬಂದ ಮೇಲೆ ಅದು ಇಡೀ ರಾಜ್ಯದ್ದಾಯಿತು, ಎಲ್ಲರಿಗೂ ನೆನಪಿರುವುದು ಆ ಜನಸಾಗರ. ಅದಕ್ಕೂ ಮೊದಲು ಧಾರವಾಡದಲ್ಲಿ ಅದನ್ನು ಹೊತ್ತಿಸಿದವರಲ್ಲಿ ಚಂಪಾ ಒಬ್ಬರು. ಇಂಗ್ಲಿಷ್ ಪಾಠ ಮಾಡಿ ಹೊರಗೆ ಬಂದು ಕನ್ನಡಕ್ಕೆ ಘೋಷಣೆ ಕೂಗುವ ಮೇಷ್ಟ್ರು ಅಂತ ಕೆಲವರು ಆಡಿಕೊಂಡು ನಗುತ್ತಿದ್ದರು. ನನಗೆ ಅದರಲ್ಲಿ ನಗುವಂಥದ್ದು ಏನೂ ಕಾಣಿಸಲಿಲ್ಲ. ಇಂಗ್ಲಿಷ್ ಒಳಗಿನಿಂದ ಗೊತ್ತಿದ್ದವರಿಗೆ ಅದರ ಮೇಲೆ ಭಯವೂ ಇರೋದಿಲ್ಲ, ಭಕ್ತಿಯೂ ಇರೋದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದಕ್ಕೆ ನನ್ನ ಉತ್ತರ: ಸಮಗ್ರ ಕಾವ್ಯದಿಂದ ಬೇಡ. ಸಂಕ್ರಮಣದ ಹಳೇ ಸಂಚಿಕೆ ಮೂರು ಸಿಕ್ಕಿದರೂ ಸಾಕು. ಒಂದು ಅರವತ್ತರ ದಶಕದ್ದು, ಒಂದು ತುರ್ತು ಪರಿಸ್ಥಿತಿ ಆಸುಪಾಸಿನದು, ಒಂದು ಎಂಬತ್ತರ ನಂತರದ್ದು. ಯಾರ್‍ಯಾರು ಬರೆದಿದ್ದಾರೆ, ಯಾವ ಊರಿನವರು, ಅಂತ ಬರೆದುಕೊಳ್ಳಿ. ಚಂಪಾ ಬರೆದದ್ದನ್ನು ಕೊನೆಗೆ ಓದಿ.

ಓದುಗ_ಹೊಸಬ:

ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ಅಚ್ಚುಮೊಳೆ ಸರ್, ನಾನು ತಂಗಿ.

ನಿನ್ನೆ ಲೈಬ್ರರಿಗೆ ಹೋಗಿದ್ದೆ. ಬೈಂಡ್ ಮಾಡಿದ ಹಳೇ ಪತ್ರಿಕೆಗಳು ಕೆಳಗಿನ ಕೋಣೆಯಲ್ಲಿವೆ, ಅಲ್ಲಿ ಬಲ್ಬ್ ಹೋಗಿದೆ, ಮೊಬೈಲ್ ಲೈಟ್ ಹಿಡಿದು ಹುಡುಕಿದೆ. ಸಂಕ್ರಮಣದ ಎರಡು ಸಂಪುಟ ಸಿಕ್ಕಿತು, ನಡುವಿನ ವರ್ಷಗಳು ಇಲ್ಲ. ಕಪ್ಪುಶಾಯಿ ಮೇಡಂ ಹೇಳಿದ ಹಾಗೆ ಹೆಸರು ಬರೆದುಕೊಳ್ಳಲು ಕೂತೆ. ಒಂದು ಗಂಟೆಯಲ್ಲಿ ನಲವತ್ತು ಹೆಸರಾಯಿತು. ಅದರಲ್ಲಿ ನಾನು ಮೊದಲೇ ಕೇಳಿದ್ದು ಹದಿಮೂರು. ಉಳಿದ ಇಪ್ಪತ್ತೇಳು ಜನ ಯಾರು, ಆಮೇಲೆ ಬರೆದರಾ, ನಿಲ್ಲಿಸಿದರಾ, ಏನೂ ಗೊತ್ತಿಲ್ಲ. ಇವರ ಬಗ್ಗೆಯೇ ಒಂದು ಅಧ್ಯಾಯ ಮಾಡಬಹುದಾ ಅಂತ ಮೇಡಂಗೆ ಮೆಸೇಜ್ ಹಾಕಿದ್ದೇನೆ, ಇನ್ನೂ ನೋಡಿಲ್ಲ.

ನೇರಮಾತು ಸರ್, ನಿಮ್ಮ ಪ್ರಶ್ನೆಯನ್ನೂ ಹಾಕಿಕೊಳ್ಳುತ್ತೇನೆ. ಆದರೆ ಎಲ್ಲಿ ಹಾಕಲಿ ಅಂತ ಗೊತ್ತಾಗುತ್ತಿಲ್ಲ, ಕವಿತೆಯ ಅಧ್ಯಾಯದಲ್ಲೋ, ಪರಿಷತ್ತಿನ ಅಧ್ಯಾಯದಲ್ಲೋ?

ನೇರಮಾತು:

ಎರಡರ ನಡುವೆ ಹಾಕಮ್ಮ. ಮತ್ತೆ ಆ ಕೋಣೆಗೆ ಹೋಗುವಾಗ ಮೂಗಿಗೆ ಬಟ್ಟೆ ಕಟ್ಟಿಕೋ, ಹಳೇ ನ್ಯೂಸ್‌ಪ್ರಿಂಟ್ ಧೂಳಿಗೆ ಎರಡು ದಿನ ಸೀನು ನಿಲ್ಲೋದಿಲ್ಲ.

ಅಚ್ಚುಮೊಳೆ:

ತಂಗೀ, ಆ ಇಪ್ಪತ್ತೇಳು ಹೆಸರು ಇಲ್ಲೇ ಹಾಕಬೇಡ, ಅವರಲ್ಲಿ ಯಾರು ಏನಾಗಿದ್ದಾರೋ, ಮನೆಯವರು ಏನಂದುಕೊಳ್ಳುತ್ತಾರೋ. ನನಗೆ ಪ್ರತ್ಯೇಕವಾಗಿ ಕಳಿಸು. ಮೂರ್ನಾಲ್ಕು ಜನರಾದರೂ ನನಗೆ ಗೊತ್ತಿರಬಹುದು. ಸಂಪುಟದಲ್ಲಿ ಕೊನೇ ಪುಟದ ಪ್ರೆಸ್ಸಿನ ಹೆಸರೂ ಬರೆದುಕೋ, ಬೈಂಡಿಂಗ್‌ನಲ್ಲಿ ಕತ್ತರಿಸಿ ಹೋಗಿರದಿದ್ದರೆ.